ತಾರಸಿಗೆ ಸುಣ್ಣ: ಕಲಬುರಗಿ ಬಿಸಿಲಿನಲ್ಲಿ ನನ್ನ ಅನುಭವ

ಕಲಬುರಗಿ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದಲ್ಲ. ಆದರೆ ಆರ್‌ಸಿಸಿ ಮನೆಯಲ್ಲಿ ನಿದ್ದೆಗೆಡಿಸುವುದು ರಾತ್ರಿಯ ಸೆಕೆ. ಹಗಲೆಲ್ಲ ಕಾದ ಸ್ಲ್ಯಾಬ್ ನಡುರಾತ್ರಿವರೆಗೂ ಬಿಸಿ ಕಾರುತ್ತದೆ, ಫ್ಯಾನ್ ಹಾಕಿದರೆ ಆ ಬಿಸಿಗಾಳಿಯೇ ಮೈಮೇಲೆ. ಎಸಿಗೆ ದುಡ್ಡು ಸುರಿಯುವ ಮೊದಲು ತಾರಸಿಗೆ ಸುಣ್ಣ ಹೊಡೆಯಿರಿ ಎಂದೇ ನಾನು ಎಲ್ಲರಿಗೂ ಹೇಳುವುದು.

500 ಚದರಡಿಗೆ ನನ್ನ ಅಳತೆ: ಹರಳು ಸುಣ್ಣ 10 ಕೆಜಿ, ನೀರು 40 ಲೀಟರ್, ಬಿಳಿ ಸಿಮೆಂಟ್ 2 ಕೆಜಿ, ಫೆವಿಕಾಲ್ ಅರ್ಧ ಕೆಜಿ. ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿಗೆ ನೀರು ತುಂಬಿ, ಹರಳನ್ನು ಸ್ವಲ್ಪಸ್ವಲ್ಪವೇ ಬಿಟ್ಟು ಅರಳಿಸಬೇಕು. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಆ ಹೊತ್ತಿಗೆ ಬೇಕಾದಷ್ಟಕ್ಕೆ ಮಾತ್ರ ಸಿಮೆಂಟ್, ಫೆವಿಕಾಲ್ ಕಲಸಿ. ಎಲ್ಲವನ್ನೂ ಒಮ್ಮೆಲೇ ಕಲಸಿಟ್ಟರೆ ತಳದಲ್ಲಿ ಗಟ್ಟಿಕಟ್ಟುತ್ತದೆ. ಕೆಲವರು ಉಪ್ಪು ಹಾಕುತ್ತಾರೆ, ಅದು ಬೇಡ: ಬಿರುಕಿನಲ್ಲಿ ಇಳಿದ ಉಪ್ಪುನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ತಾರಸಿ ಉಜ್ಜಿ ತೊಳೆದು, ಪಾಚಿ ಕೆರೆದು, ಬಿರುಕು ಮುಚ್ಚಿ. ಬಳಿಯುವ ಕೆಲಸ ಸಂಜೆ 5ರ ನಂತರವೇ, ಅದೂ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು. ಕಾದ ಕಾಂಕ್ರೀಟು ನೀರನ್ನೆಲ್ಲ ಹೀರಿಬಿಟ್ಟರೆ ಸುಣ್ಣ ಹಿಡಿಯುವ ಮೊದಲೇ ಒಣಗಿ, ಮರುದಿನ ಅಂಗಾಲಿಗೆಲ್ಲ ಪುಡಿ ಮೆತ್ತಿಕೊಳ್ಳುತ್ತದೆ. ಸುಣ್ಣ ಉದುರುತ್ತದೆ ಎಂದು ದೂರುವವರಲ್ಲಿ ಹೆಚ್ಚಿನವರು ಬಳಿದಿರುವುದು ಮಟಮಟ ಮಧ್ಯಾಹ್ನ. ಮೊದಲ ಕೋಟ್ ಉದ್ದಕ್ಕೆ, ಮರುದಿನ ಸಂಜೆ ಎರಡನೆಯದು ಅಡ್ಡಕ್ಕೆ. ಹಸಿಯಿದ್ದಾಗ ಏನೂ ಬಳಿದಂತೆಯೇ ಕಾಣುವುದಿಲ್ಲ, ಗಾಬರಿಯಾಗಿ ದಪ್ಪ ಬಳಿಯಬೇಡಿ, ಒಣಗುತ್ತಾ ಬೆಳ್ಳಗಾಗುತ್ತದೆ. ದಪ್ಪ ಬಳಿದದ್ದು ಹಕ್ಕಳೆಯಾಗಿ ಏಳುತ್ತದೆ. ಆಮೇಲೆ ಎರಡು ಮೂರು ದಿನ ಬೆಳಗ್ಗೆ, ಸಂಜೆ ನೀರು ಚಿಮುಕಿಸಿ. ಧೂಳು ಕೂತರೆ ಗುಡಿಸುತ್ತಿರಿ, ಮಾಸಿದ ಸುಣ್ಣ ಬಿಸಿಲನ್ನು ಅಷ್ಟಾಗಿ ಹಿಂದಕ್ಕೆ ತಳ್ಳದು. ಮಳೆನೀರು ಸಂಪ್‌ಗೆ (ನೆಲದೊಳಗಿನ ತೊಟ್ಟಿಗೆ) ಇಳಿಯುವ ಮನೆಗಳಲ್ಲಿ ಮೊದಲ ಮಳೆಗಳ ನೀರನ್ನು ಹೊರಗೆ ಬಿಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಬಹುಪಾಲು ತೊಳೆದುಹೋಗಿರುತ್ತದೆ, ಪ್ರತಿವರ್ಷ ಹೋಳಿ ಹೊತ್ತಿಗೆ ಮತ್ತೆ ಹೊಡೆಯಬೇಕು.

ಇನ್ನು ಕೂಲರ್. ನಮ್ಮ ಒಣಹವೆಗೆ ಅದು ಹೇಳಿ ಮಾಡಿಸಿದ್ದು, ಮಂಗಳೂರಿನ ಜಿಗುಟು ಸೆಕೆಗೆ ಪ್ರಯೋಜನವಿಲ್ಲ. ಒಂದೂವರೆ ಟನ್ ಎಸಿ ಸುಮಾರು 1,500 ವಾಟ್ ಎಳೆಯುವಲ್ಲಿ ಇದಕ್ಕೆ 150–200 ಸಾಕು. ಎದುರಿನ ಕಿಟಕಿ ತುಸು ತೆರೆದಿರಲಿ, ಇಲ್ಲದಿದ್ದರೆ ಕೋಣೆಯಲ್ಲಿ ತೇವ ತುಂಬಿ ಮೈ ಅಂಟುತ್ತದೆ.

75 ವಾಟಿನ ಹಳೆ ಫ್ಯಾನ್ ತೆಗೆದು 30 ವಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನ) ಫ್ಯಾನ್ ಹಾಕಿದರೆ, ದಿನಕ್ಕೆ 15 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯವರಿಗೆ ಇದು ಸಣ್ಣದಲ್ಲ: 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.