ಮಾಂಸಕ್ಕೆ ಕಪ್ಪು ಮಸಾಲೆ ಪುಡಿ: ಹುರಿಯುವಾಗ ಒಲೆ ಬಿಟ್ಟು ಕದಲಬೇಡಿ

ಮೊನ್ನೆ ಸೊಸೆ ಒಂದು ಬಾಟಲಿ ತಂದು ಮುಂದಿಟ್ಟಳು. "ಅತ್ತೆ, ನೀವು ಹೇಳಿದ ಸಾಮಾನೇ ಹಾಕಿದ್ದೀನಿ. ಅಳತೇನೂ ಅದೇ. ಆದ್ರೂ ಪಂದಿ ಕರಿಗೆ ನಿಮ್ಮ ಬಣ್ಣ ಬರಲಿಲ್ಲ." ಪಂದಿ ಕರಿ ಅಂದರೆ ನಮ್ಮ ಕೊಡಗಿನ ಹಂದಿ ಮಾಂಸದ ಅಡುಗೆ. ಮುಚ್ಚಳ ತೆಗೆದು ಮೂಸಿದೆ. ಕೊತ್ತಂಬರಿ ಬೀಜದ ಹಸಿ ವಾಸನೆ ಹಾಗೇ ಇತ್ತು. ಕೇಳಿದರೆ, ಎಲ್ಲಾ ಸಾಮಾನನ್ನೂ ಒಟ್ಟಿಗೆ ಬಾಣಲೆಗೆ ಸುರಿದು ಹುರಿದಿದ್ದಳು. ಜೀರಿಗೆ ಸೀದುಹೋಗುತ್ತದೆ ಅಂತ ಹೆದರಿ ಬೇಗ ಇಳಿಸಿಬಿಟ್ಟಿದ್ದಳು. ಕೊಡಗಿನ ಈ ಕಪ್ಪು ಪುಡಿ ಕೆಡುವುದೇ ಅಲ್ಲಿ.

ನಾನು ಈ ಮನೆಗೆ ಬಂದು 46 ವರ್ಷವಾಯಿತು. ಬಂದ ಮೊದಲ ವರ್ಷ ನನ್ನ ಅತ್ತೆ ನನಗೆ ಹುರಿಯುವುದಕ್ಕೇ ಬಿಡಲಿಲ್ಲ. ಪಕ್ಕದಲ್ಲಿ ನಿಂತು ನೋಡು, ಮೂಸು ಅನ್ನುತ್ತಿದ್ದರು. ಆಗ ಬೇಜಾರಾಗುತ್ತಿತ್ತು. ಈಗ ಸೊಸೆಗೆ ನಾನೂ ಅದನ್ನೇ ಹೇಳುತ್ತಿದ್ದೇನೆ.

ಅಳತೆ ಹೇಳಿಬಿಡುತ್ತೇನೆ. ಕೊತ್ತಂಬರಿ ಬೀಜ 100 ಗ್ರಾಂ, ಕಾಳುಮೆಣಸು 50 ಗ್ರಾಂ, ಜೀರಿಗೆ 25 ಗ್ರಾಂ, ಸಾಸಿವೆ ಎರಡು ಚಿಕ್ಕ ಚಮಚ, ಮೆಂತ್ಯ ಅರ್ಧ ಚಿಕ್ಕ ಚಮಚ. ಇಷ್ಟು ಮಾಡಿದರೆ ಸುಮಾರು ಐದು ಕೆ.ಜಿ. ಮಾಂಸಕ್ಕೆ ಸಾಕು. ಮನೆಯಿಂದ ಮನೆಗೆ ಅಳತೆ ಸ್ವಲ್ಪ ಬದಲಾಗುತ್ತದೆ. ಕೆಲವರು ಚಕ್ಕೆ, ಲವಂಗ ಹಾಕುತ್ತಾರೆ. ನಾನು ಹಾಕುವುದಿಲ್ಲ. ಅವು ಬಂದರೆ ಮೆಣಸು ಹಿಂದೆ ಸರಿಯುತ್ತದೆ. ಮೆಂತ್ಯ ಮಾತ್ರ ಯಾರೇ ಹೇಳಿದರೂ ಜಾಸ್ತಿ ಮಾಡಬೇಡಿ. ಒಂದು ಸಲ ಹಬ್ಬದ ಗಡಿಬಿಡಿಯಲ್ಲಿ ಅರ್ಧ ಚಮಚದ ಬದಲು ಎರಡು ಚಮಚ ಬಿದ್ದುಹೋಯಿತು. ಅಷ್ಟೂ ಪುಡಿ ಕಹಿಯಾಯಿತು. ಏನು ಸೇರಿಸಿದರೂ ಆ ಕಹಿ ಹೋಗಲಿಲ್ಲ.

ಇದರಲ್ಲಿ ಮುಖ್ಯವಾದದ್ದು ಕಾಳುಮೆಣಸು. ನಮ್ಮ ತೋಟದಲ್ಲಿ ಬಳ್ಳಿಗಳು ಸಿಲ್ವರ್ ಮರಕ್ಕೂ ಹಾಲುವಾಣಕ್ಕೂ ಹಬ್ಬಿವೆ. ಗೊನೆಯಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತು ಅಂತ ಲೆಕ್ಕ. ಮನೆ ಖರ್ಚಿನ ಮೆಣಸನ್ನು ನಾನು ಬೇರೆ ಇಡುತ್ತೇನೆ. ಬಿಡಿಸಿದ ಹಸಿ ಕಾಳನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಮುಳುಗಿಸಿ ತೆಗೆದು ಬಿಸಿಲಿಗೆ ಹರಡುವುದು. ಹಾಗೆ ಮಾಡಿದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮನೆ ಕಪ್ಪಾಗುತ್ತದೆ, ಮೇಲಿನ ಧೂಳೂ ಹೋಗುತ್ತದೆ. ಮೂರು ಕೆ.ಜಿ. ಹಸಿ ಮೆಣಸು ಒಣಗಿದರೆ ಹತ್ತಿರಹತ್ತಿರ ಒಂದು ಕೆ.ಜಿ. ಉಳಿಯುತ್ತದೆ.

ಅಂಗಡಿಯಿಂದ ತರುವವರು ಇಡೀ ಕಾಳನ್ನೇ ತನ್ನಿ. ಪುಡಿ ಬೇಡವೇ ಬೇಡ. ಪುಡಿಯಾದ ಮೆಣಸಿನಲ್ಲಿ ಖಾರ ಉಳಿದರೂ ಘಮ ಬೇಗ ಹಾರಿಹೋಗುತ್ತದೆ. ತಂದ ಕಾಳನ್ನು ಒಂದು ಹಿಡಿ ನೀರಿಗೆ ಹಾಕಿ ನೋಡಿ. ಗಟ್ಟಿ ಮೆಣಸು ಮುಳುಗುತ್ತದೆ. ಜೊಳ್ಳು ಕಾಳು ತೇಲುತ್ತದೆ, ಪರಂಗಿ ಹಣ್ಣಿನ ಒಣ ಬೀಜ ಬೆರೆಸಿದ್ದರೆ ಅದೂ ತೇಲುತ್ತದೆ. ಆ ಬೀಜ ಮೆಣಸಿನ ಹಾಗೆ ದುಂಡಗಿರುವುದಿಲ್ಲ, ಸ್ವಲ್ಪ ಉದ್ದ. ಕಚ್ಚಿದರೆ ಮೆಣಸಿನ ಖಾರವೂ ಇರುವುದಿಲ್ಲ. ನೋಡಿದ ಕಾಳನ್ನು ಮತ್ತೆ ಚೆನ್ನಾಗಿ ಒಣಗಿಸದೆ ಡಬ್ಬಿಗೆ ಸೇರಿಸಬೇಡಿ.

ಈಗ ಹುರಿಯುವ ಮಾತು. ದಪ್ಪ ತಳದ ಕಬ್ಬಿಣದ ಬಾಣಲೆ ಇರಲಿ, ಉರಿ ಸಣ್ಣದಿರಲಿ, ಎಣ್ಣೆ ಬೇಡ. ಮೊದಲು ಕೊತ್ತಂಬರಿ ಬೀಜ. ಇದಕ್ಕೆ ತಾಳ್ಮೆ ಬೇಕು, ಹತ್ತು ಹನ್ನೆರಡು ನಿಮಿಷವಾದರೂ ಆಗುತ್ತದೆ. ಸಾರಿನ ಪುಡಿಗೆ ಹುರಿದ ಹಾಗೆ ಘಂ ಅಂದ ಕೂಡಲೇ ಇಳಿಸಬೇಡಿ. ಬೀಜ ಮೊದಲು ಹೊಂಬಣ್ಣಕ್ಕೆ ಬರುತ್ತದೆ, ಆಮೇಲೆ ಕಂದು, ಕೊನೆಗೆ ಹದವಾಗಿ ಹುರಿದ ಕಾಫಿ ಬೀಜದ ಬಣ್ಣ. ನಿಮಗೆ ಬೇಕಾದ್ದು ಆ ಕಾಫಿ ಬಣ್ಣ. ಅದಕ್ಕಿಂತ ಒಂದು ಗಳಿಗೆ ಮುಂಚೆಯೇ ಅಗಲ ತಟ್ಟೆಗೆ ಸುರಿದುಬಿಡಿ. ಒಲೆ ಆರಿಸಿದರೂ ಬಾಣಲೆಯ ಬಿಸಿಗೆ ಬೀಜ ಹುರಿಯುತ್ತಲೇ ಇರುತ್ತದೆ. ಒಂದು ಕಾಳನ್ನು ಬೆರಳಲ್ಲಿ ಒಡೆದು ಮೂಸಿ. ಸುಟ್ಟ ಕಾಗದದ ವಾಸನೆ ಬಂದರೆ ಅದು ಸೀದಿದೆ. ಎಸೆದು ಬೇರೆ ಹುರಿಯಿರಿ. ನೂರು ಗ್ರಾಂ ಬೀಜದ ಆಸೆಗೆ ಒಂದು ಪಾತ್ರೆ ಮಾಂಸ ಕೆಡಿಸಿಕೊಳ್ಳಬಾರದು. ಬಣ್ಣ ಕಡಿಮೆಯಾಗಿದ್ದರೆ ಚಿಂತೆ ಇಲ್ಲ, ಮತ್ತೆ ಬಾಣಲೆಗೆ ಹಾಕಬಹುದು.

ಜೀರಿಗೆ ಎರಡೇ ನಿಮಿಷ, ಒಂದು ಸುತ್ತು ಗಾಢವಾದರೆ ಸಾಕು. ಸಾಸಿವೆ ಚಟಪಟ ಅನ್ನುವುದು ನಿಲ್ಲುವವರೆಗೆ. ಮೆಂತ್ಯ ಕೆಂಪಗಾದ ತಕ್ಷಣ ಇಳಿಸಿ, ಕಪ್ಪಾದರೆ ಕಹಿ. ಮೆಣಸು ಕೊನೆಗೆ. ಅದನ್ನು ಹುರಿಯುವುದು ಅನ್ನುವುದಕ್ಕಿಂತ ಬಿಸಿ ಮಾಡುವುದು ಅನ್ನಬೇಕು. ಒಂದೆರಡು ಕಾಳು ಸಿಡಿದು ಮೂಗಿಗೆ ಘಾಟು ಬಂತೋ, ತೆಗೆಯಿರಿ. ಪುಡಿ ಕಪ್ಪಾಗಬೇಕು ಅಂತ ಮೆಣಸನ್ನೇ ಹೆಚ್ಚು ಹುರಿಯುವವರಿದ್ದಾರೆ. ಬಣ್ಣ ಕೊಡುವ ಕೆಲಸ ಕೊತ್ತಂಬರಿಯದು, ಮೆಣಸು ಘಮಕ್ಕೆ.

ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗ ಮಾಡಿದರೆ ಮಿಕ್ಸಿ ಜಾರಿನ ಒಳಗೆ ಬೆವರು ಕಟ್ಟಿ ಪುಡಿ ಗಂಟಾಗುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ, ಬಿಟ್ಟು ಬಿಟ್ಟು ತಿರುಗಿಸಿ. ಹೆಚ್ಚು ನುಣ್ಣಗೆ ಬೇಡ, ಬೆರಳಿಗೆ ತರಿ ಸಿಗಬೇಕು. ಗಿರಣಿಗೆ ಕೊಡುವುದು ನನಗೆ ಸರಿಬರುವುದಿಲ್ಲ. ಹಿಂದೆ ಒಂದು ಸಲ ಕೊಟ್ಟಿದ್ದೆ. ನಮ್ಮದಕ್ಕಿಂತ ಮೊದಲು ಯಾರದೋ ಕೆಂಪು ಮೆಣಸಿನಕಾಯಿ ಬೀಸಿದ್ದರು. ಪುಡಿ ಕೆಂಪಾಗಿ ಬಂತು, ಖಾರ ಬೇರೆಯೇ ಆಗಿತ್ತು.

ಬಳಸುವಾಗ ಒಂದು ಕೆ.ಜಿ. ಹಂದಿ ಮಾಂಸಕ್ಕೆ ಮೂರು ದೊಡ್ಡ ಚಮಚ ಲೆಕ್ಕ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಅರಿಶಿನ, ಉಪ್ಪಿನ ಜೊತೆ ಮಾಂಸ ಮುಕ್ಕಾಲು ಬೆಂದ ಮೇಲೆ ಪುಡಿ ಹಾಕಿ. ಕಾಚಂಪುಳಿ, ಅಂದರೆ ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕಪ್ಪು ಹುಳಿ, ಅದಕ್ಕೂ ಆಮೇಲೆ, ಇಳಿಸುವ ಐದು ನಿಮಿಷ ಮುಂಚೆ. ಒಂದು ಚಿಕ್ಕ ಚಮಚದಿಂದ ಶುರು ಮಾಡಿ, ರುಚಿ ನೋಡಿಕೊಂಡು ಹೆಚ್ಚಿಸಿ. ಕಾಚಂಪುಳಿಯನ್ನು ಗಾಜಿನ ಬಾಟಲಿಯಲ್ಲೇ ಇಡಿ, ಆ ಹುಳಿ ಲೋಹದ ಡಬ್ಬಿಯನ್ನು ತಿನ್ನುತ್ತದೆ.

ಮಗಳು ಕೆನಡಾದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಮಾಂಟ್ರಿಯಲ್ ಸ್ಟೀಕ್ ಮಸಾಲೆ ಅಂತ ಒಂದು ಡಬ್ಬಿ ತೋರಿಸಿದಳು. ಅಲ್ಲಿನ ಯಹೂದಿ ಅಂಗಡಿಗಳಲ್ಲಿ ಹೊಗೆಯಲ್ಲಿ ಬೇಯಿಸುವ ಮಾಂಸಕ್ಕೆ ಹಚ್ಚುತ್ತಿದ್ದ ಮಸಾಲೆಯಿಂದ ಹುಟ್ಟಿದ್ದಂತೆ. ಅಂಗೈಗೆ ಸುರಿದುಕೊಂಡು ನೋಡಿದೆ. ಒಡೆದ ಕಾಳುಮೆಣಸು, ಒಡೆದ ಕೊತ್ತಂಬರಿ, ಒಣ ಬೆಳ್ಳುಳ್ಳಿ, ಕೆಂಪು ಮೆಣಸಿನ ಚೂರು, ಸಬ್ಬಸಿಗೆ ಬೀಜ, ಉಪ್ಪು. ಅಷ್ಟು ದೂರದ ಊರಿನಲ್ಲೂ ಮಾಂಸಕ್ಕೆ ಮೆಣಸು, ಕೊತ್ತಂಬರಿಯೇ ಜೋಡಿ ಅಂತ ನೋಡಿ ನನಗೆ ತುಂಬಾ ಖುಷಿಯಾಯಿತು. ಅಂಥದ್ದನ್ನು ಈಗ ಮನೆಯಲ್ಲೇ ಮಾಡುತ್ತೇನೆ. ತರಿ ಮೆಣಸು ಮೂರು ಚಮಚ, ಕೊತ್ತಂಬರಿ ಎರಡು, ಒಣ ಬೆಳ್ಳುಳ್ಳಿ ಒಂದು, ಸಬ್ಬಸಿಗೆ ಬೀಜ ಅರ್ಧ, ಒಣಗಿಸಿದ ಸೂಜಿಮೆಣಸು (ಖಾರದ ಚಿಕ್ಕ ಮೆಣಸಿನಕಾಯಿ) ಅರ್ಧ. ಇದಕ್ಕೆ ಕೊತ್ತಂಬರಿಯನ್ನು ಕಾಫಿ ಬಣ್ಣಕ್ಕೆ ತರಬೇಡಿ, ಬೆಚ್ಚಗೆ ಮಾಡಿದರೆ ಸಾಕು. ಬಿಸಿ ಕಾವಲಿಯ ಮೇಲೆ ಅದು ಮತ್ತೆ ಹುರಿಯುತ್ತದೆ ಅಲ್ವಾ? ಮಿಕ್ಸಿ ಬಿಡಿ, ಕುಟ್ಟಾಣಿಯಲ್ಲಿ ಒಂದು ಕಾಳು ಎರಡು ಮೂರು ಚೂರಾಗುವಷ್ಟೇ ಜಜ್ಜಿ. ನುಣುಪಾದ ಪುಡಿ ಕಾವಲಿಗೆ ತಾಗಿದ ಕೂಡಲೇ ಸೀಯುತ್ತದೆ.

ಬೆಳ್ಳುಳ್ಳಿಯನ್ನು ತೆಳುವಾಗಿ ಹೆಚ್ಚಿ ಒಳ್ಳೆ ಬಿಸಿಲಿನಲ್ಲಿ ಮೂರು ದಿನ ಒಣಗಿಸಿ. ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಬಾಗಿದರೆ ಒಳಗೆ ನೀರಿದೆ, ಬಾಟಲಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ.

ಉಪ್ಪನ್ನು ಬಾಟಲಿಗೆ ಬೆರೆಸಬೇಡಿ. ನಮ್ಮ ಮಳೆಗಾಲದ ತೇವವನ್ನು ಉಪ್ಪು ಎಳೆದುಕೊಳ್ಳುತ್ತದೆ, ಪುಡಿ ಇಟ್ಟಿಗೆಯಾಗುತ್ತದೆ. ಮಾಂಸಕ್ಕೇ ನೇರವಾಗಿ ಹಚ್ಚಿ, ಅರ್ಧ ಕೆ.ಜಿ.ಗೆ ಒಂದು ಚಿಕ್ಕ ಚಮಚ ಪುಡಿ ಉಪ್ಪು. ಹಚ್ಚಿದರೆ ಮುಕ್ಕಾಲು ಗಂಟೆ ಬಿಡಿ, ಇಲ್ಲವಾದರೆ ಕಾವಲಿಗೆ ಹಾಕುವ ಹೊತ್ತಿಗೆ ಹಚ್ಚಿ. ಹಚ್ಚಿ ಹತ್ತು ಹದಿನೈದು ನಿಮಿಷಕ್ಕೆ ಮಾಂಸ ನೀರು ಬಿಟ್ಟಿರುತ್ತದೆ. ಆಗ ಹಾಕಿದರೆ ಮೇಲೆ ಕೆಂಪಗಾಗದೆ ಸುಮ್ನೆ ಬೇಯುತ್ತದೆ. ಬಿಟ್ಟ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು ಆಮೇಲೆ ಮಸಾಲೆ ಹಚ್ಚಿ. ಹಂದಿ ಮಾಂಸವಾದರೆ ಒಳಗಿನವರೆಗೂ ಪೂರ್ತಿ ಬೇಯಲೇಬೇಕು.

ಬಾಟಲಿ ಗಾಜಿನದಿರಲಿ, ಒಲೆಯ ಹತ್ತಿರ ಬೇಡ. ಕುದಿಯುವ ಪಾತ್ರೆಯ ಮೇಲೆ ಹಿಡಿದು ಸುರಿಯುವ ಅಭ್ಯಾಸ ಎಷ್ಟೋ ಜನಕ್ಕಿದೆ. ಆ ಹಬೆ ಬಾಟಲಿಯೊಳಗೆ ಹೋಗಿ ಪುಡಿ ಕೆಡುತ್ತದೆ. ಒಣ ಚಮಚದಲ್ಲಿ ತೆಗೆದು ಹಾಕಿ. ಎರಡು ತಿಂಗಳಲ್ಲಿ ಮುಗಿಸುವಷ್ಟೇ ಮಾಡಿ. ನಾನು ಆಗಸ್ಟ್ ಕೊನೆಯಲ್ಲಿ ಒಂದು ದಿನ ಬಿಸಿಲು ಬಂದರೆ ಸಾಕು, ಹಳೆಯದನ್ನು ಲೆಕ್ಕಿಸದೆ ಹೊಸದಾಗಿ ಹುರಿಯುತ್ತೇನೆ. ಸೆಪ್ಟೆಂಬರ್ 3ಕ್ಕೆ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್. ಅವತ್ತಿನ ಕಡುಬಿಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆಗಿನ ಪಂದಿ ಕರಿಗೆ ಹಳೆ ಪುಡಿ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಮಗಳಿಗೆ ಕಳಿಸುವಾಗ ಮಾತ್ರ ಪುಡಿ ಮಾಡುವುದಿಲ್ಲ. ಹುರಿದು ಆರಿಸಿದ ಕಾಳುಗಳನ್ನು ಬೇರೆ ಬೇರೆ ಕಟ್ಟಿ, ಒಂದೊಂದರ ಮೇಲೂ ಹುರಿದ ತಾರೀಖು ಬರೆದು ಕೊಡುತ್ತೇನೆ. ಅಲ್ಲಿ ಬೇಕಾದಾಗ ಬೇಕಾದಷ್ಟು ಕುಟ್ಟಿಕೊಳ್ಳುತ್ತಾಳೆ.