ಅಟ್ಟವನ್ನು ಕೋಣೆ ಮಾಡುವ ಮೊದಲು ಹಂಚಿನತ್ತ ನೋಡಿ

ಉಡುಪಿ, ಮಂಗಳೂರು ಕಡೆ ಹಳೆಯ ಹಂಚಿನ ಮನೆ ಇರುವ ಹಲವರ ಕಣ್ಣು ಈಗ ಅಟ್ಟದ ಮೇಲೆ ಬಿದ್ದಿದೆ. ಮಗಳಿಗೆ ಓದಲು ಒಂದು ಕೋಣೆ, ಮನೆಯಿಂದಲೇ ಕೆಲಸ ಮಾಡುವ ಮಗನಿಗೆ ಒಂದು ಮೇಜು, ನೆಂಟರು ಬಂದರೆ ಮಲಗಲು ಜಾಗ. ಸಣ್ಣ ಮನೆಗೆ ಒಳ್ಳೆಯ ಉಪಾಯವೇ. ಆದರೆ ನಾನು ನೋಡಿದ ಇಂಥ ಅಟ್ಟಗಳಲ್ಲಿ ಹೆಚ್ಚಿನವು ಎರಡನೇ ಮಳೆಗಾಲ ದಾಟಿಲ್ಲ.

ಕಟಪಾಡಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಒಂದು ಏಪ್ರಿಲ್‌ನಲ್ಲಿ ಪಕ್ಕಾಸಿನ (ಹಂಚಿನ ಭಾರ ಹೊರುವ ಇಳಿಜಾರು ಮರ) ಅಡಿಗೆ ಜಿಪ್ಸಮ್ ಬೋರ್ಡ್ ಹೊಡೆಸಿದರು. ಬೆಳ್ಳಗೆ, ನುಣ್ಣಗೆ, ನೋಡಲು ಚಂದ. ಜುಲೈ ಹೊತ್ತಿಗೆ ಬೋರ್ಡಿನ ನಡುವೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಆಗಸ್ಟ್‌ನಲ್ಲಿ ಬೆರಳಿಟ್ಟು ಒತ್ತಿದೆ, ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಯಿತು. ಬೋರ್ಡ್ ಕಿತ್ತು ನೋಡಿದರೆ ಮೇಲಿನ ರೀಪುಗಳೆಲ್ಲ (ಹಂಚು ಕೂರುವ ಅಡ್ಡಪಟ್ಟಿಗಳು) ಕಪ್ಪು, ಎರಡು ಕಡೆ ಅಣಬೆ. "ಮಾಡಿಗೆ (ಚಾವಣಿಗೆ) ಉಸಿರಾಡ್ಲಿಕ್ಕೆ ಜಾಗ ಬೇಕು ಮಾರಾಯ್ರೆ, ನೀವು ಮೂಗು ಮುಚ್ಚಿದ್ದೀರಿ" ಅಂದರು ದುರಸ್ತಿಗೆ ಬಂದ ಬಡಗಿ ಆಚಾರ್ರು. ಅದೇ ಮಾತನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಂಚಿನ ಮಾಡು ಕಾಂಕ್ರೀಟ್ ಸ್ಲ್ಯಾಬ್ ಅಲ್ಲ. ಹಂಚುಗಳ ಸಂದಿನಲ್ಲಿ ಗಾಳಿ ಆಡುತ್ತಿರುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಗಾಳಿಮಳೆಗೆ ಒಂದಿಷ್ಟು ಎರಚಲು ಒಳಗೆ ಬಂದೇ ಬರುತ್ತದೆ. ಬಂದದ್ದು ಅದೇ ಗಾಳಿಗೆ ಆರಿಹೋಗುತ್ತದೆ. ಕೆಳಗಿನಿಂದ ಬಿಗಿಯಾಗಿ ಮುಚ್ಚಿಬಿಟ್ಟರೆ ಆರುವುದಿಲ್ಲ, ಅಷ್ಟೆ.

ಮೊದಲು ತೊಲೆ

ಹಳೆಯ ಅಟ್ಟ ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಹಳೇ ಪಾತ್ರೆ ಇಡಲು ಮಾಡಿದ್ದು. ಮನುಷ್ಯರು ದಿನವೂ ಓಡಾಡುವ ಭಾರ ಬೇರೆ. ಪ್ರತಿ ತೊಲೆಯ ಉದ್ದಕ್ಕೆ ದಾರ ಎಳೆದು ಹಿಡಿಯಿರಿ. ಹತ್ತು ಅಡಿಗೆ ಅರ್ಧ ಇಂಚಿಗಿಂತ ಜಾಸ್ತಿ ಜೋತಿದ್ದರೆ ಇಂಜಿನಿಯರಿಗೆ ತೋರಿಸದೆ ಮುಂದೆ ಹೋಗಬೇಡಿ. ತೊಲೆಯ ತಲೆ ಕೆಂಪುಕಲ್ಲಿನ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನಡುವೆ ಗಟ್ಟಿಯಿದ್ದ ಮರ ಕೂಡ ಅಲ್ಲಿ ಕೊಳೆತು ಕುಂಬಾಗಿರುತ್ತದೆ, ಒರಲೆ ಹತ್ತುವುದೂ ಅಲ್ಲಿಂದಲೇ. ಗೋಡೆಗೆ ತಾಗುವ ಮರಕ್ಕೆಲ್ಲ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವ ಹಳೇ ಪದ್ಧತಿಯೇ ನನಗೆ ಇಷ್ಟ. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಬರುತ್ತದೆ.

ಆಮೇಲೆ ಪಕ್ಕಾಸುಗಳ ಮೇಲೆ ನೆಲದಿಂದ ಐದು ಅಡಿ ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಗೆರೆಯಿಂದ ಒಳಗಿನದು ಕೋಣೆ, ಹೊರಗಿನದು ಕಪಾಟು. ಗೆರೆಯ ಒಳಗೆ ಒಂದು ಮಂಚವೂ ಹಿಡಿಯದಿದ್ದರೆ ಅಟ್ಟವನ್ನು ಸುಮ್ನೆ ಅಟ್ಟವಾಗಿಯೇ ಬಿಡಿ.

ಏಣಿಗೆ ಜಾಗ ನೋಡಿ. ಮೆಟ್ಟಿಲು ಎಂಟು ಇಂಚಿಗಿಂತ ಎತ್ತರ ಬೇಡ, ಹಿಡಿಕೆ ಬೇಕೇ ಬೇಕು.

ಹಂಚಿನ ಅಡಿಯ ಕೆಲಸ

ಎಲ್ಲರೂ ಎಡವುವುದು ಇಲ್ಲಿ. ಇದಕ್ಕೆ ಹಂಚು ಇಳಿಸಲೇಬೇಕು, ಹಾಗಾಗಿ ಹೇಗೂ ಹಂಚು ಕೈಯಾಡಿಸುವ (ಇಳಿಸಿ, ಒಡೆದದ್ದು ಬದಲಿಸಿ ಮತ್ತೆ ಹೊದಿಸುವ) ವರ್ಷ ಇಟ್ಟುಕೊಳ್ಳಿ. ಜನವರಿ, ಫೆಬ್ರುವರಿ ಒಳ್ಳೆಯದು. ಮೇ ತಿಂಗಳಿಗೆ ಬಿಟ್ಟರೆ ಅರ್ಧ ಬಿಚ್ಚಿದ ಮಾಡಿನ ಮೇಲೆ ಗುಡುಗುಮಳೆ ಸುರಿಯುತ್ತದೆ.

ಪಕ್ಕಾಸುಗಳು ಬರಿದಾದ ಮೇಲೆ ಅವುಗಳ ಮೇಲೆ ಫಾಯಿಲ್ ಶೀಟ್ (ಹೊಳೆಯುವ ಅಲ್ಯೂಮಿನಿಯಂ ಹಾಳೆ) ಹಾಸಬೇಕು. ಶುರು ಮಾಡುವುದು ಸೂರಿನಿಂದ, ಮುಗಿಸುವುದು ನೆತ್ತಿಯಲ್ಲಿ. ಮೇಲಿನ ಶೀಟ್ ಕೆಳಗಿನದರ ಮೇಲೆ ಆರು ಇಂಚು ಬರಬೇಕು, ಹಂಚಿನ ಮೇಲೆ ಹಂಚು ಕೂರುವ ಹಾಗೆಯೇ. ಮಲ್ಪೆ ಹತ್ತಿರದ ಒಂದು ಮನೆಯಲ್ಲಿ ನೆತ್ತಿಯಿಂದ ಕೆಳಗೆ ಹಾಸುತ್ತಾ ಬಂದಿದ್ದರು. ಸೋರಿದ ನೀರೆಲ್ಲ ಆ ಜೋಡಣೆಗಳಲ್ಲಿ ನೇರ ಒಳಗೆ ಇಳಿದು ಹಾಸಿಗೆಗೆ ಬಿತ್ತು. ಶೀಟ್ ಹಾಕದಿದ್ದರೇ ಕಡಿಮೆ ಒದ್ದೆಯಾಗುತ್ತಿತ್ತು.

ಶೀಟನ್ನು ಡೋಲಿನ ಚರ್ಮದ ಹಾಗೆ ಬಿಗಿಯಬೇಡಿ. ಎರಡು ಪಕ್ಕಾಸಿನ ನಡುವೆ ಅರ್ಧ ಇಂಚು ಜೋಲು ಇರಲಿ. ಒಳಬಂದ ನೀರು ಆ ಜೋಲಿನಲ್ಲೇ ಕೆಳಗೆ ಹರಿಯುತ್ತದೆ, ಮರಕ್ಕೆ ತಾಗುವುದಿಲ್ಲ. ಕೆಳಗಿನ ತುದಿ ಗೋಡೆ ದಾಟಿ ದಂಬೆಯವರೆಗೆ (ಸೂರಿನ ನೀರು ಹಿಡಿಯುವ ಕಾಲುವೆ) ಬರಬೇಕು. ಗೋಡೆಯ ತಲೆಯ ಮೇಲೆ ನಿಲ್ಲಿಸಿದರೆ ನೀರನ್ನು ಗೋಡೆಗೆ ಕುಡಿಸಿದಂತೆ.

ಈಗ ಮುಖ್ಯ ವಿಷಯ. ಶೀಟಿನ ಮೇಲೆ ನೇರ ರೀಪು ಹೊಡೆಯಬೇಡಿ. ಮೊದಲು ಪ್ರತಿ ಪಕ್ಕಾಸಿನ ಉದ್ದಕ್ಕೂ ಒಂದಿಂಚು ದಪ್ಪದ ಮರದ ಪಟ್ಟಿ ಹೊಡೆಯಿರಿ. ರೀಪು ಅಡ್ಡಡ್ಡ ಬರುವುದು ಆ ಪಟ್ಟಿಯ ಮೇಲೆ. ಆಗ ರೀಪಿಗೂ ಶೀಟಿಗೂ ನಡುವೆ ಒಂದಿಂಚು ದಾರಿ ಉಳಿಯುತ್ತದೆ. ನೀರು ಆ ದಾರಿಯಲ್ಲಿ ಇಳಿಯುತ್ತದೆ, ಗಾಳಿ ಅದೇ ದಾರಿಯಲ್ಲಿ ಏರುತ್ತದೆ. ಪಟ್ಟಿ ಇಲ್ಲದಿದ್ದರೆ ಒಂದೊಂದು ರೀಪೂ ಒಂದೊಂದು ಕಟ್ಟೆ. ಅದರ ಹಿಂದೆ ನೀರು, ಪಾಚಿ, ಮರದ ಎಲೆಯ ಪುಡಿ ಕೂಡುತ್ತದೆ. ಎರಡು ಮೂರು ಮಳೆಗಾಲದಲ್ಲಿ ರೀಪು ಹೋಯಿತು. "ಪಟ್ಟಿ ಯಾಕೆ, ಸುಮ್ನೆ ಖರ್ಚು" ಎಂದು ಕಂತ್ರಾಟುದಾರರು ಹೇಳುತ್ತಾರೆ. ಒಪ್ಪಬೇಡಿ.

ಸೆಕೆ ಕಡಿಮೆಯಾಗುವುದೂ ಈ ಖಾಲಿ ಜಾಗದಿಂದಲೇ. ಫಾಯಿಲ್‌ನ ಹೊಳಪು ಕಾವನ್ನು ವಾಪಸ್ ಕಳಿಸಬೇಕಾದರೆ ಅದರ ಎದುರು ಗಾಳಿ ಇರಬೇಕು. ಹಂಚಿಗೆ ಅಂಟಿಕೊಂಡ ಫಾಯಿಲ್ ಹಂಚಿನಷ್ಟೇ ಬಿಸಿಯಾಗುತ್ತದೆ. ಸೂರಿನಲ್ಲಿ ಗಾಳಿ ಒಳಬರುವ ಸಂದು ತೆರೆದಿರಲಿ, ನೆತ್ತಿಯ ಎರಡೂ ಬದಿ ಶೀಟನ್ನು ಎರಡು ಇಂಚು ಮೊದಲೇ ನಿಲ್ಲಿಸಿ. ಸೂರಿನ ಸಂದಿಗೆ ಸ್ಟೀಲ್ ಜಾಲರಿ ಹೊಡೆಯಿರಿ. ಪ್ಲಾಸ್ಟಿಕ್ ಜಾಲರಿಯನ್ನು ಇಲಿ ಒಂದು ರಾತ್ರಿಯಲ್ಲಿ ಕಡಿಯುತ್ತದೆ, ಮತ್ತೆ ಬಾವಲಿ, ಪುನುಗು ಬೆಕ್ಕು ಎಲ್ಲ ಬಿಡಾರ ಹೂಡುತ್ತವೆ.

ಹಂಚು ಇಳಿಸದೆ, ಒಳಗಿನಿಂದಲೇ ಪಕ್ಕಾಸಿನ ಅಡಿಗೆ ಶೀಟ್ ಹೊಡೆಯುವ ಸುಲಭ ದಾರಿಯೂ ಉಂಟು. ಸೆಕೆಗೆ ಅದು ಸಾಕು, ಮಳೆಗೆ ಸಾಲದು. ಹಂಚಿನ ಒಳಮೈಗೆ ಫೋಮ್ ಸಿಂಪಡಿಸುವುದಂತೂ ಬೇಡವೇ ಬೇಡ. ಹಂಚುಗಳು ಒಂದಕ್ಕೊಂದು ಅಂಟಿಬಿಡುತ್ತವೆ. ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಒಂದು ಹಂಚು ಒಡೆದರೆ ಅದೊಂದನ್ನೇ ಬದಲಿಸಲು ಆಗುವುದಿಲ್ಲ.

ಬದಲಿ ಹಂಚಿನ ಬಗ್ಗೆ ಒಂದು ಮಾತು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಆಸುಪಾಸು ಎಷ್ಟೋ ಕಾರ್ಖಾನೆಗಳು ಬಂದವು. ಎಲ್ಲದರ ಅಚ್ಚು ಒಂದೇ ಅಲ್ಲ. ಒಂದರ ತೋಡಿನಲ್ಲಿ ಇನ್ನೊಂದರ ಏಣು ಸರಿಯಾಗಿ ಕೂರುವುದಿಲ್ಲ, ಸೋರುವುದು ಅಲ್ಲಿಯೇ. ಹಂಚಿನ ಬೆನ್ನಿನಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ನಿಮ್ಮ ಮನೆಯ ಒಂದು ಹಂಚನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಹಳೇ ಹಂಚು ಮಾರುವಲ್ಲಿ ಜೋಡಿಸಿ ನೋಡಿ ತನ್ನಿ. ಬೆಳಕಿಗೆ ಉತ್ತರದ ಇಳಿಜಾರಿನಲ್ಲಿ ಎರಡು ಗಾಜಿನ ಹಂಚು ಸಾಕು, ಅವುಗಳ ಅಡಿಯಲ್ಲಿ ಮಾತ್ರ ಫಾಯಿಲ್ ಬದಲು ಪಾರದರ್ಶಕ ಶೀಟ್. ಪಶ್ಚಿಮಕ್ಕೆ ಹಾಕಿದರೆ ಸಂಜೆ ನಾಲ್ಕಕ್ಕೆ ಕೋಣೆಯಲ್ಲಿ ಕೂರಲಿಕ್ಕಿಲ್ಲ.

ಇಷ್ಟಾದ ಮೇಲೆ ಒಂದು ಮಳೆಗಾಲ ಕಾಯಿರಿ. ಜೋರು ಮಳೆಯಲ್ಲಿ ಟಾರ್ಚ್ ಹಿಡಿದು ಮೇಲೆ ಹೋಗಿ, ಒದ್ದೆ ಕಂಡಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಳಮುಚ್ಚಿಗೆ, ಅಂದರೆ ಒಳಗಿನ ಸೀಲಿಂಗ್, ದೀಪಾವಳಿ ಕಳೆದ ಮೇಲೆ.

ಮುಚ್ಚಿಗೆ, ವೈರು, ಸಾಮಾನು

ಮುಚ್ಚಿಗೆಗೆ ಮರದ ಹಲಗೆಯೇ ನನ್ನ ಆಯ್ಕೆ. ಹಣ ಸಾಲದಿದ್ದರೆ ಫೈಬರ್ ಸಿಮೆಂಟ್ ಬೋರ್ಡ್. ಪ್ಲೈವುಡ್ ಬೇಕೆಂದರೆ ಐಎಸ್ 710 (ನೀರು ತಡೆಯುವ ಮರೀನ್ ಪ್ಲೈವುಡ್‌ನ ಗುರುತು) ಎಂದು ಛಾಪೆ ಇರುವುದನ್ನೇ ಕೇಳಿ. ಪಾರ್ಟಿಕಲ್ ಬೋರ್ಡ್ ಈ ಹವೆಗೆ ಉಬ್ಬುತ್ತದೆ, ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬೇಡ. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲ್. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಹಲಗೆಯ ಮೇಲೆ ಕಪ್ಪು ಕಣ್ಣೀರು ಸುರಿಸುತ್ತದೆ.

ಮುಚ್ಚಿಗೆಗೆ ಮೊದಲೇ ವೈರು ಪೈಪಿನೊಳಗೆ ಹೋಗಿರಲಿ. ದೀಪಕ್ಕೆ 1.5, ಪ್ಲಗ್ಗಿಗೆ 2.5 ಚದರ ಮಿಲಿಮೀಟರ್, ಜೊತೆಗೆ ಶಾಕ್ ಹೊಡೆಯುವ ಮೊದಲೇ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್. ಸೀಲಿಂಗ್ ಫ್ಯಾನ್ ಬೇಡ, ರೆಕ್ಕೆ ತಲೆಗೆ ಬರುತ್ತದೆ. ಗೋಡೆಯ ಫ್ಯಾನ್ ಹಾಕಿಸಿ, ತ್ರಿಕೋನ ಗೋಡೆಯ ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನ್.

ಸಾಮಾನು ಗಿಡ್ಡ ಇರಲಿ, ಏಣಿಯಲ್ಲಿ ಬಿಡಿಬಿಡಿಯಾಗಿ ಏರಿಸಿ ಮೇಲೆ ಜೋಡಿಸುವಂಥದ್ದು. ಕಪಾಟನ್ನು ಗೋಡೆಯಿಂದ ಮೂರು ಇಂಚು ಬಿಟ್ಟು ಇಡಿ. ಹತ್ತಿಯ ಹಾಸಿಗೆಯನ್ನು ನೆಲದ ಮೇಲೆ ಹಾಸಬೇಡಿ, ಸಂದುಬಿಟ್ಟ ಪಟ್ಟಿಗಳ ಮಂಚವೇ ಆಗಬೇಕು. ಜುಲೈ, ಆಗಸ್ಟ್‌ನಲ್ಲಿ ವಾರಕ್ಕೊಮ್ಮೆ ಹಾಸಿಗೆ ಎತ್ತಿ ಅಡಿಭಾಗಕ್ಕೆ ಫ್ಯಾನ್ ಬಿಡಿ. ಕೈಯಾಡಿಸಿದಾಗ ತಣ್ಣಗೆ, ಜಿಗುಟಾಗಿ ಸಿಕ್ಕಿದರೆ ಸೂರಿನ ಜಾಲರಿಗೆ ಕಸ ಕಟ್ಟಿದೆಯೇ ಎಂದು ಅಂದೇ ನೋಡಿ.