ಎಲ್ಲರೂ ಒಂದೇ ಮೇಜಿಗೆ: ಕ್ರಿಸ್‌ಮಸ್ ರಜೆಗೆ ಇಡೀ ಮನೆಮಂದಿ ಸ್ಕೀ ಊರಿಗೆ ಹೊರಡುವ ಮುನ್ನ

ನನ್ನ ಗಂಡನ ಮನೆಯವರು ಸ್ವಿಟ್ಜರ್ಲೆಂಡಿನ ಬರ್ನ್ ಕಡೆಯವರು. ಎಪ್ಪತ್ತು ದಾಟಿದ ನಮ್ಮ ಅತ್ತೆ ಇವತ್ತಿಗೂ ಕಪ್ಪು ಗುರುತಿನ ಕಡಿದಾದ ಇಳಿಜಾರಿನಲ್ಲಿ ಆರಾಮಾಗಿ ಸ್ಕೀ ಮಾಡಿಕೊಂಡು ಇಳಿದುಬರುತ್ತಾರೆ. ನನ್ನ ತವರು ಸಾಗರ. ಅಮ್ಮನಿಗೆ ಮಂಡಿನೋವು. ಬೆಂಗಳೂರಿನಿಂದ ಅಣ್ಣ ಅತ್ತಿಗೆ ಬಂದರೆ ಜೊತೆಗೆ ಹದಿನಾಲ್ಕರ ಮಗಳು, ಆರರ ಮಗ. ನನ್ನದು ನಡುವಿನ ದಾರಿ: ನೀಲಿ ಗುರುತಿನ ಇಳಿಜಾರು ಸಲೀಸು, ಕೆಂಪು ಗುರುತಿನದು ಹಿಮ ಚೆನ್ನಾಗಿದ್ದರೆ ಸರಿ. ಡಿಸೆಂಬರಿನಲ್ಲಿ ಈ ಇಡೀ ಬಳಗವನ್ನು ಒಂದೇ ಊರಿಗೆ ಕರೆದುಕೊಂಡು ಹೋಗುವುದು ಹೇಗೆ ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಊರು ಆರಿಸುವಾಗ ಸಾಮಾನ್ಯವಾಗಿ ಚೆನ್ನಾಗಿ ಸ್ಕೀ ಬರುವವರ ಮಾತೇ ಗೆಲ್ಲುತ್ತದೆ. ಎಷ್ಟು ಕಿಲೋಮೀಟರ್ ಇಳಿಜಾರಿದೆ, ಎಷ್ಟು ಎತ್ತರ, ಬೆಟ್ಟ ಹತ್ತಿಸುವ ಲಿಫ್ಟು ಎಷ್ಟು ಅಂತ. ನಾನು ಮೊದಲು ನೋಡುವುದು ಬೇರೆ: ಸ್ಕೀ ಮುಟ್ಟದವರು ಮಧ್ಯಾಹ್ನ ಊಟದ ಹೊತ್ತಿಗೆ ಸ್ಕೀ ಮಾಡುವವರು ಇರುವ ಕಡೆಗೆ ತಾವಾಗಿಯೇ ಬರುವ ಹಾಗಿದೆಯೇ? ಹಾಗೆ ಬರಲಾಗದ ಊರಿನಲ್ಲಿ ಅಜ್ಜಿ ಹೋಟೆಲ್ ಕಿಟಕಿಯ ಪಕ್ಕ ಕೂತೇ ರಜೆ ಮುಗಿಸುತ್ತಾರೆ, ಹೊಸಬರು ತಪ್ಪಿಸಿಕೊಂಡವರ ಹಾಗೆ ಒಂದು ಮೂಲೆಯಲ್ಲಿರುತ್ತಾರೆ. ಒಟ್ಟಿಗೆ ಇರಬೇಕು ಅಂತಲೇ ಅಲ್ಲವೇ ಇಷ್ಟು ದುಡ್ಡು ಸುರಿಯುವುದು?

ಈ ಲೆಕ್ಕಕ್ಕೆ ನನಗೆ ಗೊತ್ತಿರುವ ಊರುಗಳಲ್ಲಿ ಚೆನ್ನಾಗಿ ಒದಗುವುದು ವೆಂಗೆನ್. 1274 ಮೀಟರ್ ಎತ್ತರದಲ್ಲಿರುವ, ಕಾರು ಹೋಗದ ಊರು. ಜೂರಿಕ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಮೂರು ಗಂಟೆ. ಕೊನೆಯ ತುಂಡು ಕೆಳಗಿನ ಕಣಿವೆಯ ಲೌಟರ್‌ಬ್ರುನೆನ್‌ ಊರಿನಿಂದ ಹಲ್ಲುಹಳಿಯ ರೈಲು, ಅಂದರೆ ಹಳಿಯ ನಡುವಿನ ಹಲ್ಲುಗಳಿಗೆ ಚಕ್ರ ಸಿಕ್ಕಿಸಿಕೊಂಡು ಕಡಿದಾದ ದಾರಿ ಹತ್ತುವ ರೈಲು. ಅದೇ ರೈಲು ಮುಂದೆ 2061 ಮೀಟರಿನ ಕ್ಲೈನೆ ಶೈಡೆಗ್‌ಗೆ ಹತ್ತುತ್ತದೆ. ಸ್ಕೀ ಹಿಡಿದವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು, ಕೋಲು ಊರಿಕೊಂಡು ಬರುವವರು, ಎಲ್ಲರಿಗೂ ಒಂದೇ ಬೋಗಿ. ಮೇಲೆ ಐಗರ್ ಪರ್ವತದ ಬುಡದಲ್ಲಿ ನಿಲ್ದಾಣ, ನಿಲ್ದಾಣದ ಪಕ್ಕದಲ್ಲೇ ಊಟದ ಜಾಗಗಳು. ಅತ್ತೆ ಲೌಬರ್‌ಹಾರ್ನ್ ಬೆಟ್ಟದ ಕಡೆಯಿಂದ ಸ್ಕೀ ಮೇಲೆ ಇಳಿದು ಬರುವ ಹೊತ್ತಿಗೆ ಅಮ್ಮ ಶಾಲು ಹೊದ್ದು ರೈಲಿಳಿದಿರುತ್ತಾರೆ. ಬೀಗಿತ್ತಿಯರಿಬ್ಬರೂ ಬಿಸಿ ಚಾಕೊಲೇಟ್ ಮುಂದಿಟ್ಟುಕೊಂಡು, ಭಾಷೆ ಬರದಿದ್ದರೂ ಮೊಮ್ಮಕ್ಕಳ ಸುದ್ದಿ ಮಾತಾಡುತ್ತಾರೆ. ಇಳಿಯುವುದಕ್ಕೂ ರೈಲೇ ಇರುವುದರಿಂದ ಇನ್ನೊಂದು ಅನುಕೂಲವಿದೆ: ಮಧ್ಯಾಹ್ನದ ಮೇಲೆ ಕಾಲು ಸೋತ ಹೊಸಬರು ಮರ್ಯಾದೆಗೆ ಅಂಜಿ ಸ್ಕೀ ಮೇಲೇ ಇಳಿಯಬೇಕಿಲ್ಲ. ದಣಿದ ಕಾಲಿನಲ್ಲಿ "ಇನ್ನೊಂದೇ ಒಂದು ಸಲ" ಅನ್ನುವವರನ್ನು ನಾನು ಗಟ್ಟಿಯಾಗಿ ತಡೆಯುತ್ತೇನೆ.

ಬೇರೆ ಊರು ಇಷ್ಟವಾದರೆ ಅಲ್ಲಿಯೂ ಇದನ್ನೇ ನೋಡಿ. ಊರೊಳಗೇ ಕಲಿಯುವವರ ಸಣ್ಣ ಇಳಿಜಾರು ಇರಬೇಕು (ವೆಂಗೆನ್‌ನಲ್ಲಿ ಅದು ಊರ ನಡುವೆಯೇ ಇದೆ), ನಡೆಯುವವರಿಗೆ ಹಿಮ ಒತ್ತಿ ಹದಮಾಡಿದ ಚಳಿಗಾಲದ ಕಾಲುದಾರಿ ಇರಬೇಕು, ಸ್ಕೀ ಇಲ್ಲದವರೂ ಹತ್ತಬಹುದಾದ ಮುಚ್ಚಿದ ಗೊಂಡೊಲಾವೋ (ತಂತಿಯ ಮೇಲೆ ತೂಗಿಕೊಂಡು ಹೋಗುವ ಡಬ್ಬಿ) ರೈಲೋ ಇರಬೇಕು. ಬಣ್ಣದ ಗುರುತು ಎಲ್ಲ ದೇಶದಲ್ಲೂ ಒಂದೇ ಅಲ್ಲ. ಫ್ರಾನ್ಸ್‌ನಲ್ಲಿ ನೀಲಿಗಿಂತ ಸುಲಭವಾದ ಹಸಿರು ಇದೆ, ಸ್ವಿಟ್ಜರ್ಲೆಂಡಿನಲ್ಲಿ ನೀಲಿಯಿಂದಲೇ ಶುರು.

ದಿನ ಗೊತ್ತುಮಾಡುವಾಗ ಶಾಲೆಗೆ ರಜೆ ಸಿಕ್ಕರೆ ಕ್ರಿಸ್‌ಮಸ್‌ಗೆ ಮುಂಚಿನ ವಾರ ಹೊರಡಿ. 26ರಿಂದ ಹೊಸ ವರ್ಷದವರೆಗೆ ದರ ಏರಿರುತ್ತದೆ, ಲಿಫ್ಟಿನ ಮುಂದೆ ಸಾಲು ಉದ್ದವಿರುತ್ತದೆ. ಮನೆಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಬಾಡಿಗೆಗೆ ಕೊಡುತ್ತಾರೆ. ಭಾರತದಿಂದ ಬರುವವರಿಗೆ ಬೇಕಾದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ದಸರೆ ಮುಗಿಯಲಿ ಅಂತ ಕಾಯಬೇಡಿ. ಸ್ಕೀ ಶಾಲೆಯಲ್ಲಿ ಮಕ್ಕಳ ಜಾಗವನ್ನೂ ಅಕ್ಟೋಬರಿನೊಳಗೆ ಹಿಡಿದಿಡಿ.

ಕಲಿಸುವ ಕೆಲಸ ಕಲಿಸುವವರಿಗೇ ಇರಲಿ. ಗಂಡ ಹೆಂಡತಿಗೆ, ಅಣ್ಣ ತಂಗಿಗೆ ಸ್ಕೀ ಹೇಳಿಕೊಡಲು ಹೊರಟರೆ ಹತ್ತು ನಿಮಿಷದಲ್ಲಿ ದನಿ ಏರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಸ್ಕೀಯ ಮುಂದಿನ ತುದಿ ಕೂಡಿಸಿ ಹಿಂಬದಿ ಅಗಲಿಸುವುದನ್ನು "ಪಿಜ್ಜಾ" ಅನ್ನುತ್ತಾರೆ, ಅದು ಬ್ರೇಕು. ಎರಡೂ ಸಮಾನಾಂತರವಾಗಿ ನೇರ ಇಟ್ಟರೆ "ಫ್ರೆಂಚ್ ಫ್ರೈಸ್", ಅದು ವೇಗ. ನಮ್ಮ ಆರು ವರ್ಷದವನು ಚಲಿಸುವ ಪಟ್ಟಿಯ ಮೇಲೆ ನಿಂತು ಹತ್ತುತ್ತ, ಇಳಿಯುತ್ತ, ಊಟದ ಹೊತ್ತಿಗೆ ಪಿಜ್ಜಾ ಅಂತ ಕಿರುಚಿಕೊಂಡು ನಿಲ್ಲುವುದನ್ನು ಕಲಿತಿದ್ದ. ದೊಡ್ಡವರಿಗೆ ಮೊದಲೆರಡು ದಿನ ಇಡೀ ಬೆಟ್ಟದ ಪಾಸ್ ಬೇಕಾಗುವುದಿಲ್ಲ. ಕಲಿಯುವ ಇಳಿಜಾರಿಗಷ್ಟೇ ಟಿಕೆಟ್ ಇದೆಯೇ ಅಂತ ಕೌಂಟರಿನಲ್ಲಿ ಕೇಳಿ. ಚೆನ್ನಾಗಿ ಬರುವವರು ಬೆಳಿಗ್ಗೆ ಪೂರ್ತಿ ತಮ್ಮ ಪಾಡಿಗೆ ಹೋಗಲಿ. ಹೊಸಬರಿಗಾಗಿ ನಿಧಾನ ಮಾಡುತ್ತ ಅವರ ಮುಖ ಸಪ್ಪಗಾದರೆ ಅದು ಎಲ್ಲರಿಗೂ ಅಂಟುತ್ತದೆ.

ಈಗ ಬೂಟು. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಹೊಸಬರು ಎರಡನೇ ದಿನಕ್ಕೇ "ನನಗೆ ಇದು ಒಗ್ಗಲ್ಲ" ಅನ್ನುವುದಕ್ಕೆ ಬಹಳ ಸಲ ಬೂಟೇ ಕಾರಣ. ಬಾಡಿಗೆ ಅಂಗಡಿಗೆ ಊರು ತಲುಪಿದ ದಿನವೇ ಸಾಯಂಕಾಲ ಹೋಗಿ, ಮರುದಿನ ಬೆಳಿಗ್ಗೆ ನೂಕುನುಗ್ಗಲು. ಸ್ಕೀ ಬೂಟಿನ ಅಳತೆ ಪಾದದ ಉದ್ದ ಸೆಂಟಿಮೀಟರಿನಲ್ಲಿ: 24.5, 26.5 ಹೀಗೆ. ಒಂದೇ ಒಂದು ತೆಳು ಉದ್ದ ಕಾಲುಚೀಲ ಹಾಕಿ. ಚಳಿಯೆಂದು ಅಜ್ಜಿ ಹೆಣೆದ ಉಣ್ಣೆಯದನ್ನೂ ಮೇಲೆ ಏರಿಸಿದರೆ ರಕ್ತ ಓಡಾಡದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಒಳಪ್ಯಾಂಟಿನ ಅಂಚು ಬೂಟಿನೊಳಗೆ ಸಿಕ್ಕಬಾರದು; ಆ ಒಂದು ಮಡಿಕೆ ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಒತ್ತಿ ಒತ್ತಿ ಸಂಜೆಗೆ ನೀಲಿಗಟ್ಟಿಸುತ್ತದೆ. ಕಾಲು ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಕೊಂಡಿ ಹಾಕಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ತುಸು ತಾಗಬೇಕು, ಮಂಡಿ ಮುಂದಕ್ಕೆ ಬಾಗಿಸಿದಾಗ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಹತ್ತು ನಿಮಿಷ ಅದರಲ್ಲೇ ಅಂಗಡಿಯೊಳಗೆ ಓಡಾಡಿ. ನೋವಿದ್ದರೆ ನಾಚಿಕೊಳ್ಳದೆ ಬದಲಿಸಿ ಕೇಳಿ, ಆಮೇಲೂ ನೋವಾದರೆ ಮರುದಿನ ಮತ್ತೆ ಹೋಗಿ. ಅಂಗಡಿಯವರು ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಎಂದೆಲ್ಲ ಕೇಳುತ್ತಾರೆ. ಬಿದ್ದಾಗ ಸ್ಕೀ ಬೂಟಿನಿಂದ ಕಳಚಿಕೊಳ್ಳುವ ಬಿಗಿಯನ್ನು ಆ ಲೆಕ್ಕದ ಮೇಲೆಯೇ ಇಡುವುದು, ಹಾಗಾಗಿ ತೂಕ ಇದ್ದದ್ದು ಇದ್ದ ಹಾಗೆ ಹೇಳಿ. ಹೆಲ್ಮೆಟ್ ಎಲ್ಲರಿಗೂ.

ಬಟ್ಟೆಗೆ ಹೆಚ್ಚು ಯೋಚನೆ ಬೇಡ: ಜೀನ್ಸ್, ಹತ್ತಿ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಥರ್ಮಲ್, ಕೈಗವಸು, ಮಕ್ಕಳ ಸ್ಕೀ ಪ್ಯಾಂಟು ಬೆಂಗಳೂರಿನ ಡೆಕಾಥ್ಲಾನ್‌ನಲ್ಲೇ ನೋಡಿಕೊಳ್ಳಿ. ಹಿರಿಯರಿಗೆ ನೀರಿಳಿಯದ ಶೂ, ಅದರ ತಳಕ್ಕೆ ಎಳೆದು ಹಾಕುವ ಸಣ್ಣ ಮೊಳೆಗಳ ರಬ್ಬರ್ ಪಟ್ಟಿ. ಅಮ್ಮನಿಗೆ ಅದು ಸಿಕ್ಕ ಮೇಲೆಯೇ ಊರ ಬೀದಿಯಲ್ಲಿ ಧೈರ್ಯವಾಗಿ ಹೆಜ್ಜೆ ಇಡಲು ಆದದ್ದು.

ಹಿರಿಯರ ದಿನವನ್ನು ನಿಮ್ಮ ದಿನದಷ್ಟೇ ಕಾಳಜಿಯಿಂದ ಯೋಜಿಸಿ. ವೆಂಗೆನ್‌ನಿಂದ ಮೆನ್ಲಿಖೆನ್‌ ಬೆಟ್ಟಕ್ಕೆ ಕೇಬಲ್ ಕಾರ್ ಇದೆ. ಮೇಲೆ ನಿಂತರೆ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಶಿಖರ ಎದುರಿಗೆ. 3454 ಮೀಟರಿನ ಯುಂಗ್‌ಫ್ರೌಯೋಖ್‌ಗೆ ರೈಲಿದೆ, ಆದರೆ ಬಂದಿಳಿದ ಮರುದಿನವೇ ಬೇಡ. ಹೃದಯದ ತೊಂದರೆ, ಬಿಪಿ ಇರುವವರು ಊರಿನ ವೈದ್ಯರನ್ನು ಕೇಳಿಯೇ ಹೊರಡಲಿ. ರೈಲಿನಲ್ಲೇ ಓಡಾಡುವವರಿಗೆ ಹಾಫ್ ಫೇರ್ ಕಾರ್ಡ್ ತೆಗೆಸಿ, ಬಹುಪಾಲು ಟಿಕೆಟ್ ಅರ್ಧಕ್ಕೆ ಇಳಿಯುತ್ತದೆ. ಸ್ಲೆಡ್ಜ್ (ಕೂತು ಹಿಮದ ಮೇಲೆ ಜಾರುವ ಗಾಡಿ) ಅಂತೂ ಎಲ್ಲರಿಗೂ ಬರುವ ಆಟ. ಆದರೆ ದಾರಿ ವಿಚಾರಿಸಿಕೊಳ್ಳಿ: ಪಕ್ಕದ ಗ್ರಿಂಡೆಲ್‌ವಾಲ್ಡ್ ಊರಿನ ಮೇಲಿನ ಫೌಲ್‌ಹಾರ್ನ್‌ ಬೆಟ್ಟದಿಂದ ಇಳಿಯುವ 15 ಕಿಲೋಮೀಟರಿನ ಪ್ರಸಿದ್ಧ ಓಟಕ್ಕೆ ಮೊದಲು ಎರಡು ಗಂಟೆಗೂ ಹೆಚ್ಚು ಸ್ಲೆಡ್ಜ್ ಎಳೆದುಕೊಂಡು ಹತ್ತಬೇಕು. ಅದು ಆರು ವರ್ಷದವನಿಗಲ್ಲ.

ಊಟಕ್ಕೆ ಹನ್ನೊಂದೂವರೆಗೇ ಮೇಜು ಹಿಡಿಯಿರಿ, ಹನ್ನೆರಡೂವರೆಗೆ ಜಾಗವಿರುವುದಿಲ್ಲ. ಸಸ್ಯಾಹಾರಿಗಳಿಗೆ ತುರಿದ ಆಲೂಗಡ್ಡೆ ಹುರಿದು ಮಾಡುವ ರೋಸ್ಟಿ ಸಿಗುತ್ತದೆ, ಆದರೆ ಆಲೂಗಡ್ಡೆಯ ಜೊತೆ ಹಂದಿ ಮಾಂಸದ ಚೂರು ಬೆರೆಸುವುದುಂಟು. "ಓನೆ ಸ್ಪೆಕ್" (ಜರ್ಮನ್‌ನಲ್ಲಿ ಹಂದಿ ಮಾಂಸ ಬೇಡ ಅಂತ) ಹೇಳಿ. ಸೂಪು ಮಾಂಸದ ನೀರಿನದೋ ಅಂತಲೂ ಕೇಳಿ. ರಾತ್ರಿಗೆ ಅಡುಗೆಮನೆ ಇರುವ ಬಾಡಿಗೆ ಮನೆಯೇ ಒಳ್ಳೆಯದು. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ ಪೆಟ್ಟಿಗೆಯಲ್ಲಿರಲಿ. ಇಲ್ಲಿಯವರ ದೊಡ್ಡ ಹಬ್ಬ 24ರ ಸಂಜೆ. ಅಂಗಡಿಗಳು ಅಂದು ಬೇಗ ಬಾಗಿಲು ಹಾಕುತ್ತವೆ, ಹಾಲು ತರಕಾರಿ ಬೆಳಿಗ್ಗೆಯೇ ತಂದಿಡಿ. ನಮ್ಮಲ್ಲಿ ಅಂದು ಅತ್ತೆಯ ಫೊಂಡ್ಯು (ಕರಗಿಸಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವುದು), ಅಮ್ಮನ ಕೇಸರಿಬಾತ್.

ವಿಮೆಯ ಕಾಗದ ಓದದೆ ಹೊರಡಬೇಡಿ. ವೀಸಾಕ್ಕೆಂದು ಮಾಡಿಸುವ 30,000 ಯೂರೋ ವಿಮೆಯಲ್ಲಿ ಚಳಿಗಾಲದ ಆಟಗಳನ್ನು ಹೊರಗಿಟ್ಟಿರುವುದು ಸಾಮಾನ್ಯ. ಇಳಿಜಾರಿನಿಂದ ಎತ್ತಿ ತರುವ ಖರ್ಚು ಸೇರಿದೆಯೇ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಹೆಲಿಕಾಪ್ಟರ್ ರಕ್ಷಣೆಯ ರೇಗಾ ಸಂಖ್ಯೆ 1414 ಎಲ್ಲರ ಫೋನಿನಲ್ಲೂ ಇರಲಿ. ಇಳಿಜಾರಿನ ಒಂದು ನಿಯಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ: ಮುಂದೆ, ಕೆಳಗೆ ಇರುವವರಿಗೆ ಮೊದಲ ಹಕ್ಕು, ಹಿಂದಿನಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು.

ಬಾಡಿಗೆ ಸಾಮಾನನ್ನು ಹೊರಡುವ ಹಿಂದಿನ ಸಂಜೆಯೇ ಮರಳಿಸಿ. ಶನಿವಾರ ಬೆಳಿಗ್ಗೆ ಹೊಸ ಬಾಡಿಗೆದಾರರೆಲ್ಲ ಒಟ್ಟಿಗೆ ಬಂದು ಇಳಿಯುತ್ತಾರೆ, ಅಜ್ಜಿ, ಮಗು, ಪೆಟ್ಟಿಗೆಗಳ ಜೊತೆ ಎಂಟು ಜೊತೆ ಬೂಟು ಹೊತ್ತು ಆ ಸಾಲಿನಲ್ಲಿ ನಿಂತರೆ ರೈಲು ತಪ್ಪುತ್ತದೆ.